ಉದ್ರಿ ಪುಸ್ತಕದ ಧರ್ಮ

ಯರಗಟ್ಟಿಯಲ್ಲಿ ಕಿರಾಣಿ ಅಂಗಡಿ ನಡೆಸುವ ನನಗೆ ಊರಿನ ಹಣದುಬ್ಬರ ಮೊದಲು ಕಾಣುವುದು ಉದ್ರಿ ಪುಸ್ತಕದಲ್ಲಿ. ಲೀಟರ್ ಎಣ್ಣೆ ಒಯ್ಯುತ್ತಿದ್ದ ಮನೆ ಅರ್ಧ ಲೀಟರಿಗೆ ಇಳಿದಿರುತ್ತದೆ. ತೊಗರಿಬೇಳೆ ಬರೆಯುತ್ತಿದ್ದ ಸಾಲಿನಲ್ಲಿ ಮಸೂರ ಬೇಳೆ ಬಂದಿರುತ್ತದೆ. ಶ್ರಾವಣ ಬಂದರೂ ಹೋಳಿಗೆಗೆ ಬೆಲ್ಲ ಒಯ್ಯದ ಮನೆಯ ಕಷ್ಟ ಏನೆಂದು ನಾನು ಕೇಳುವುದಿಲ್ಲ.

2012ನ್ನು ಆಧಾರ ವರ್ಷವಾಗಿಟ್ಟುಕೊಂಡಿದ್ದ ಸರಕಾರಿ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಹಳ್ಳಿಗಾಡಿನ ಆಹಾರ, ಪಾನೀಯಕ್ಕೆ ನೂರರಲ್ಲಿ 54.18 ಪಾಲು ಇತ್ತು. ಅದು ಎಲ್ಲ ಮನೆಗಳ ಸರಾಸರಿ. ನಮ್ಮ ಗಿರಾಕಿ ಅಜ್ಜಿಯೊಬ್ಬರ ಮನೆಯಲ್ಲಿ ಶಾಲೆ ಫೀ ಇಲ್ಲ, ಪೆಟ್ರೋಲು ಇಲ್ಲ. ಗೃಹಲಕ್ಷ್ಮಿಯ 2000 ರೂಪಾಯಿ ಕೈಗೆ ಬಂದರೆ ಮೊದಲು ಬಿಪಿ, ಸಕ್ಕರೆ ರೋಗದ ಗುಳಿಗೆ, ಉಳಿದದ್ದರಲ್ಲಿ ಜೋಳ, ಚಹಾಪುಡಿ. ಗುಳಿಗೆ ತುಟ್ಟಿಯಾದರೆ ಅವರಿಗೆ ಎಲ್ಲವೂ ತುಟ್ಟಿ. ಒಂದೊಂದು ಮನೆಗೂ ಅದರದೇ ಹಣದುಬ್ಬರ.

ಇದನ್ನೇ ಹಿಡಿದು ನನ್ನ ಮಗ, "ಉದ್ರಿ ಲೆಕ್ಕಾ ಎಲ್ಲಾ ಆ್ಯಪಿಗೆ ಹಾಕೂಣು, ಯಾವ ಮನಿಗೆ ಎಷ್ಟು ತುಟ್ಟಿ ಆಗೇತಿ ಅಂತ ಅದ ಹೇಳ್ತೈತಿ" ಅಂದ. ಆ್ಯಪು ತೆರೆಯುವ ಮೊದಲೇ ಮೆಸೇಜು ಓದಲು, ನಂಬರುಗಳ ಪಟ್ಟಿ ನೋಡಲು, ಎಲ್ಲಿದ್ದೇವೆಂದು ತಿಳಿಯಲು ಅನುಮತಿ ಕೇಳಿತು. ಬೇಡ ಅಂದೆ. ಆಗ ಅವನು, "ದೇವರು ಎಲ್ಲಾ ನೋಡ್ತಾನ ಅಂತ ನೀನ ಹೇಳ್ತಿ. ಮುಚ್ಚಿಡೂದು ಏನೈತಿ?" ಎಂದು ಕೇಳಿದ.

ಹಗುರಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಬರುವ ಸಾವಿರಾರು ಹೆಣ್ಣುಮಕ್ಕಳು ಮನೆಯ ಸಾಲ, ಸಂಕಟ ಎಲ್ಲವನ್ನೂ ಎಲ್ಲಮ್ಮನ ಮುಂದೆ ಹೇಳಿಕೊಳ್ಳುತ್ತಾರೆ. ಪಾಳಿಯಲ್ಲಿ ಹಿಂದೆ ನಿಂತವಳು ಅದನ್ನು ಕೇಳಿಸಿಕೊಳ್ಳಬಾರದೆಂಬ ಮರ್ಯಾದೆ ಅಲ್ಲಿದೆ. ಇಷ್ಟಲಿಂಗವನ್ನು ನಮ್ಮ ಹಿರಿಯರು ಅಂಗಿಯೊಳಗೆ ಎದೆಯ ಮೇಲೆ ಕಟ್ಟಿಕೊಂಡರು, ಅಂಗೈಯಲ್ಲಿಟ್ಟು ಪೂಜಿಸಿದರು. ದಾಸೋಹದ ಪಂಕ್ತಿಯಲ್ಲಿ ಉಣ್ಣುವವನ ಗಳಿಕೆ ಯಾರೂ ಕೇಳುವುದಿಲ್ಲ. ದೇವರಿಗೆ ಕಾಣುವುದೆಂದರೆ ಕರುಣೆಗೆ ಒಳಗಾಗುವುದು. ಆ್ಯಪಿನಿಂದ ಬಡತನ ಎಷ್ಟಿದೆ ಎಂದು ತಿಳಿದುಕೊಂಡು ಅದರ ಮೇಲೆ ಸಾಲದ ಜಾಹೀರಾತು ಕಳಿಸುವವನಿಗೆ ಹಾಗೆ ನೋಡುವ ಅಧಿಕಾರವನ್ನು ಯಾವ ಧರ್ಮವೂ ಕೊಟ್ಟಿಲ್ಲ.

ಕಾನೂನೂ ಇದನ್ನು ಒಪ್ಪಿದೆ, ಒಪ್ಪಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಹಕ್ಕು ಅಜ್ಜಿಯ ಉದ್ರಿ ಲೆಕ್ಕಕ್ಕೂ ಸಲ್ಲುತ್ತದೆ. ಅದನ್ನು ಆ್ಯಪಿಗೆ ಕೊಡಲು ಅಂಗಡಿಕಾರನಾದ ನನಗೆ ಹಕ್ಕಿಲ್ಲ. ಆ ಲೆಕ್ಕ ಅವರದು.

ಆ್ಯಪಿನ ಬದಲು ಮಗನಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ಹೋದ ವರ್ಷದ ಇದೇ ತಿಂಗಳ ಖರ್ಚು ಎಡಕ್ಕೆ, ಈ ತಿಂಗಳದ್ದು ಬಲಕ್ಕೆ. ಸಾಮಾನು ಅವೇ, ತೂಕ ಅಷ್ಟೇ. ವ್ಯತ್ಯಾಸವನ್ನು ಎಡಗಡೆಯ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಮ್ಮ ಮನೆಯ ಹಣದುಬ್ಬರ ಸಿಗುತ್ತದೆ.

ಅಂಗಡಿಕಾರ ಬಂಧುಗಳಲ್ಲಿ ಒಂದು ವಿನಂತಿ: ಬಾಕಿ ವಸೂಲಿಗೆಂದು ಉದ್ರಿ ಪುಟದ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಬಾಕಿ ಇದ್ದವರ ಮನೆಗೇ ಹೋಗಿ ಕೇಳಿ.