ಒಣಬಾಯಿಯನ್ನು ಕಡೆಗಣಿಸಬೇಡಿ

ಊಟದ ಅವಸರದಲ್ಲಿ ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡುಬಿಡುತ್ತೇವೆ. ಆ ಗಾಯಕ್ಕೆ ಮುಲಾಮಿಲ್ಲ, ಪಟ್ಟಿಯಿಲ್ಲ. ಬಿಸಿ ಸಾರು, ಉಪ್ಪಿನಕಾಯಿ ಎಲ್ಲವೂ ಅದರ ಮೇಲೆಯೇ ಹಾದುಹೋಗುತ್ತವೆ. ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳು ಗುರುತಾಗಿರುವ ಜಾಗ ನಮ್ಮ ಬಾಯಿ. ಆದರೂ ಕೆಲವೇ ದಿನಗಳಲ್ಲಿ ಗಾಯ ಮಾಯುತ್ತದೆ, ಕಲೆಯೂ ಉಳಿಯುವುದಿಲ್ಲ. ನಾವು ಅಸಹ್ಯಪಟ್ಟು ಮುಖ ತಿರುಗಿಸುವ ಜೊಲ್ಲಿಗೆ ಇದರಲ್ಲಿ ಪಾಲಿದೆ.

1921ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಸಂಶೋಧಕರಾಗಿದ್ದ ಅಲೆಗ್ಸಾಂಡರ್ ಫ್ಲೆಮಿಂಗ್‌ಗೆ ನೆಗಡಿಯಾಗಿತ್ತು. ತಮ್ಮದೇ ಸಿಂಬಳವನ್ನು ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಹಾಕಿ ನೋಡಿದರು. ಅದು ತಾಗಿದ ಕಡೆ ಬ್ಯಾಕ್ಟೀರಿಯಾ ಕರಗಿಹೋಯಿತು. ಕಣ್ಣೀರಿನಲ್ಲಿ, ಜೊಲ್ಲಿನಲ್ಲಿ, ಮೊಟ್ಟೆಯ ಬಿಳಿಯಲ್ಲಿ ಕೂಡ ಅದೇ ಗುಣ ಕಂಡಿತು. ಅದಕ್ಕೆ ಕಾರಣವಾದ ಪ್ರೋಟೀನಿಗೆ ಲೈಸೋಜೈಮ್ ಎಂದು ಹೆಸರಾಯಿತು. ಪೆನಿಸಿಲಿನ್ ಅವರ ಕಣ್ಣಿಗೆ ಬಿದ್ದದ್ದು ಇದಾದ ಏಳು ವರ್ಷಕ್ಕೆ.

ಲೈಸೋಜೈಮ್ ಬ್ಯಾಕ್ಟೀರಿಯಾದ ಹೊರಗೋಡೆಯ ಹೆಣಿಗೆಯನ್ನೇ ಕತ್ತರಿಸುತ್ತದೆ. ಒಳಗಿನ ಒತ್ತಡ ತಾಳಲಾರದೆ ಕೋಶ ಒಡೆಯುತ್ತದೆ. ಜೊತೆಗೆ ಜೊಲ್ಲಿನಲ್ಲಿ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನೂ ಇದೆ. ಅದು ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು, ಸೂಕ್ಷ್ಮಜೀವಿಗಳಿಗೆ ಬೆಳೆಯಲು ಬೇಕಾದದ್ದು ಸಿಗದಂತೆ ಮಾಡುತ್ತದೆ. ಜೊಲ್ಲಿನ ಹಿಸ್ಟಾಟಿನ್ ಎಂಬ ಪ್ರೋಟೀನುಗಳು ಕ್ಯಾಂಡಿಡಾ ಎಂಬ ಶಿಲೀಂಧ್ರವನ್ನು ಕೊಲ್ಲುತ್ತವೆ. ಗಾಯ ಬೇಗ ಕೂಡಿಕೊಳ್ಳಲು ಕೂಡ ಹಿಸ್ಟಾಟಿನ್ ನೆರವಾಗುತ್ತದೆ ಎಂಬುದನ್ನು 2008ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ತೋರಿಸಿದರು.

ಹಾಗೆಂದು ಗಾಯಕ್ಕೆ ಎಂಜಲು ಹಚ್ಚುವ ರೂಢಿಯನ್ನು ಒಪ್ಪಲಾಗದು. ಬಾಯಿಯ ರೋಗಾಣುಗಳೂ ಅದರ ಜೊತೆಗೇ ಗಾಯಕ್ಕಿಳಿಯುತ್ತವೆ. ಬಾಯಿಯೊಳಗೆ ಈ ಪ್ರೋಟೀನುಗಳು ಸೂಕ್ಷ್ಮಜೀವಿಗಳನ್ನು ನಿರ್ನಾಮ ಮಾಡುವುದಿಲ್ಲ, ಅವು ಮಿತಿಮೀರದಂತೆ ಕಾಯುತ್ತವೆ.

ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಊರುತ್ತದೆ. ಊರುವಷ್ಟು ಕಾಲ ನಮಗೆ ಅದರ ನೆನಪೇ ಇರುವುದಿಲ್ಲ. ಬತ್ತಿದವರನ್ನು ಕೇಳಬೇಕು. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಮಾಡಿಸಿಕೊಂಡವರಲ್ಲಿ ಜೊಲ್ಲಿನ ಗ್ರಂಥಿಗಳೂ ಸುಟ್ಟಂತಾಗಿರುತ್ತವೆ. ಅನ್ನದ ತುತ್ತು ನಾಲಿಗೆಗೆ ಅಂಟಿಕೊಳ್ಳುತ್ತದೆ, ಚಪಾತಿ ನುಂಗಲು ಪ್ರತಿ ತುತ್ತಿಗೂ ನೀರು ಬೇಕು. ಹಲ್ಲಿನ ಬುಡದಲ್ಲಿ ಹುಳುಕು ಬೇಗ ಹಬ್ಬುತ್ತದೆ, ನಾಲಿಗೆಯ ಮೇಲೆ ಕ್ಯಾಂಡಿಡಾದ ಬಿಳಿ ಪದರ ಕಟ್ಟುತ್ತದೆ. ತಂಬಾಕು, ಗುಟ್ಕಾ ಇಷ್ಟೊಂದು ಬಾಯಿಗಳನ್ನು ಕೆಡಿಸುತ್ತಿರುವ ನಮ್ಮ ನಾಡಿನಲ್ಲಿ ಈ ನೋವು ಅಪರೂಪದ್ದಲ್ಲ. ಅಲರ್ಜಿ ಮತ್ತು ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು, ಬಿ.ಪಿ.ಯ ಕೆಲವು ಮಾತ್ರೆಗಳು ಕೂಡ ಬಾಯಿ ಒಣಗಿಸುತ್ತವೆ. ಐದಾರು ಬಗೆಯ ಗುಳಿಗೆ ನುಂಗುವ ಹಿರಿಯರು ಬಾಯಿ ಒಣಗುತ್ತದೆ ಎಂದರೆ, ವಯಸ್ಸಾಯಿತಲ್ಲ ಎಂದು ನಾವು ಮಾತು ಮುಗಿಸಿಬಿಡುತ್ತೇವೆ. ಅದು ತಪ್ಪು.

ಆರೋಗ್ಯವಂತರಿಗೂ ನಿದ್ದೆಯಲ್ಲಿ ಜೊಲ್ಲು ಊರುವುದು ತೀರಾ ಕಡಿಮೆ. ರಾತ್ರಿ ಹಲ್ಲುಜ್ಜಿ ಮಲಗಬೇಕೆನ್ನುವುದು ಅದಕ್ಕೇ. ಮನೆಯ ಹಿರಿಯರಿಗೆ ಬಾಯಿ ಒಣಗುತ್ತಿದ್ದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮಾತ್ರೆಗಳ ಚೀಟಿ ಹಿಡಿದು ವೈದ್ಯರ ಬಳಿ ಕರೆದೊಯ್ಯಿರಿ, ಹಲ್ಲಿನ ಡಾಕ್ಟರಿಗೂ ಒಮ್ಮೆ ತೋರಿಸಿ.