ಇಪ್ಪತ್ತೊಂದನೆಯವನು

ಗಾಲ್ಫ್ ಅಂದ್ರೆ ದುಡ್ಡಿದ್ದವರ ಆಟ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅದನ್ನೇ ಆಡಿ ಹೊಟ್ಟೆ ಹೊರೆಯುವವರ ಕತೆ ಬೇರೆ. ಅಮೆರಿಕದ ಪಿಜಿಎ ಟೂರ್‌ಗೆ ಒಂದು ಮೆಟ್ಟಿಲು ಕೆಳಗೆ ಕಾರ್ನ್ ಫೆರ್ರಿ ಟೂರ್ ಅಂತ ಇದೆ. 1990ರಲ್ಲಿ ಬೆನ್ ಹೋಗನ್ ಟೂರ್ ಅಂತ ಶುರುವಾಗಿ, ಪ್ರಾಯೋಜಕರು ಬದಲಾದ ಹಾಗೆಲ್ಲ ನೈಕಿ, ನೇಷನ್‌ವೈಡ್, ವೆಬ್ ಡಾಟ್ ಕಾಮ್ ಅಂತ ಹೆಸರು ಬದಲಾಗಿ, 2019ರಲ್ಲಿ ಈ ಹೆಸರು ಬಂತು. (ನಮ್ಮ ಪ್ರಾಜೆಕ್ಟುಗಳೂ ಹೀಗೇ ಅಲ್ವಾ, ಕೆಲಸ ಅದೇ, ಬೋರ್ಡು ಬೇರೆ.)

ಜನವರಿಯಲ್ಲಿ ಬಹಾಮಾಸ್‌ನಲ್ಲಿ ಸೀಸನ್ ಶುರು. ಆಮೇಲೆ ಪನಾಮ, ಕೊಲಂಬಿಯಾ, ಅಮೆರಿಕದ ಊರೂರು. ಅಕ್ಟೋಬರ್ ತನಕ ಇದೇ ತಿರುಗಾಟ. ಬಹುತೇಕ ಪಂದ್ಯಗಳಲ್ಲಿ 36 ಹೋಲ್ ಆದಮೇಲೆ ಒಂದು ಗೆರೆ ಎಳೀತಾರೆ. ಮೊದಲ 65 ಸ್ಥಾನದವರು, ಅವರ ಜೊತೆ ಸಮ ಇದ್ದವರು ಮುಂದಕ್ಕೆ. ಮಿಕ್ಕವರಿಗೆ ಬಹುಮಾನದ ಹಣದಲ್ಲಿ ಒಂದು ಡಾಲರೂ ಇಲ್ಲ. ಗೆದ್ದವನಿಗೆ ಸಾಮಾನ್ಯವಾಗಿ 1,80,000 ಡಾಲರ್. ಒಂದು ಹೊಡೆತದಲ್ಲಿ ಗೆರೆ ತಪ್ಪಿಸಿಕೊಂಡವನಿಗೆ ವಿಮಾನದ ಟಿಕೆಟ್, ಹೋಟೆಲ್ಲು, ಕ್ಯಾಡಿಯ ಬಾಬ್ತು. ಇದನ್ನ ನಮ್ಮೂರಲ್ಲಿ ರಾಗಿ ಬಿತ್ತೋರಿಗೆ ವಿವರಿಸಬೇಕಾಗಿಲ್ಲ. ತಿಂಗಳ ಕೊನೆಗೆ ಮೊಬೈಲಿಗೆ ಸಂಬಳದ ಮೆಸೇಜು ಬರುವ ನಮಗೇ ಸ್ವಲ್ಪ ವಿವರಿಸಬೇಕು.

ನನ್ನನ್ನ ಕಾಡಿದ್ದು ಸೀಸನ್ ಕೊನೆಯ ಲೆಕ್ಕ. 2024ರಲ್ಲಿ ಪಾಯಿಂಟ್ಸ್ ಪಟ್ಟಿಯ ಮೊದಲ 30 ಜನಕ್ಕೆ ಪಿಜಿಎ ಟೂರ್ ಕಾರ್ಡ್ ಸಿಕ್ತು. 2025ಕ್ಕೆ ಅದನ್ನ 20ಕ್ಕೆ ಇಳಿಸಿದ್ರು. ಅಂದ್ರೆ 21ನೇ ಸ್ಥಾನದಲ್ಲಿ ನಿಂತವನು ಒಂದು ವರ್ಷ ದೊಡ್ಡ ಟೂರಿಗೆ ಅರ್ಹ, ಮರುವರ್ಷ ಅಲ್ಲ. ಅವನ ಆಟದಲ್ಲಿ ಏನು ಬದಲಾಯ್ತು? ಏನೂ ಇಲ್ಲ. ಎಲ್ಲೋ ಮೀಟಿಂಗ್ ರೂಮಿನಲ್ಲಿ ಒಂದು ಅಂಕಿ ಬದಲಾಯ್ತು.

"ಸೀಸನ್ ಶುರುವಾಗೋ ಮುಂಚೆನೇ ಹೇಳಿದ್ರಲ್ಲ, ಅನ್ಯಾಯ ಎಲ್ಲಿಂದ ಬಂತು?" ಅಂತ ಕೇಳಬಹುದು. ಒಪ್ಪಿದೆ, ಅನ್ಯಾಯ ಅಂತ ನಾನೂ ಹೇಳ್ತಿಲ್ಲ. ಜಾನ್ ರಾಲ್ಸ್ ಅನ್ನೋ ತತ್ವಜ್ಞಾನಿ 1971ರ ತನ್ನ ಪುಸ್ತಕದಲ್ಲಿ ಒಂದು ವ್ಯತ್ಯಾಸ ತೋರಿಸ್ತಾನೆ: ನಿಯಮದ ಪ್ರಕಾರ ನಮಗೆ ಸಲ್ಲಬೇಕಾದದ್ದು ಬೇರೆ, ಮನುಷ್ಯರಾಗಿ ನಮ್ಮ ಯೋಗ್ಯತೆ ಬೇರೆ. 20ನೆಯವನಿಗೆ ಕಾರ್ಡ್ ಸಲ್ಲಲೇಬೇಕು. ಆದರೆ "ಅವನು ಯೋಗ್ಯ, ಇವನು ಅಲ್ಲ" ಅನ್ನೋ ತೀರ್ಪು ಕೊಡೋಕೆ ಆ ನಿಯಮಕ್ಕೆ ಅಧಿಕಾರ ಇಲ್ಲ.

ಹಾಗಂತ ಎಲ್ಲಾ ಅದೃಷ್ಟ ಅನ್ನೋದೂ ಸೋಮಾರಿ ಮಾತೇ. 21ನೇ ಸ್ಥಾನಕ್ಕೆ ಬರೋಕೆ ವರ್ಷವಿಡೀ ಅಸಾಧ್ಯ ಚೆನ್ನಾಗಿ ಆಡಿರಬೇಕು. ಅದೃಷ್ಟದ ಕೆಲಸ ಇರೋದು 20ಕ್ಕೂ 21ಕ್ಕೂ ನಡುವಿನ ಆ ಕಿರಿದಾದ ಜಾಗದಲ್ಲಿ, ತೂತಿನ ಅಂಚು ಸುತ್ತಿ ಹೊರಗೇ ಉಳಿದ ಒಂದು ಚೆಂಡಿನಲ್ಲಿ. ಸಿಇಟಿ ಬರೆದವರಿಗೆ ಆ ಜಾಗ ಗೊತ್ತು. ಒಂದು ರ‍್ಯಾಂಕ್ ಈಚೆಗಿದ್ದವನಿಗೆ ಸರ್ಕಾರಿ ಕಾಲೇಜಿನ ಸೀಟು, ಆಚೆಗಿದ್ದವನ ಅಪ್ಪನಿಗೆ ಸಾಲ. ಹತ್ತು ವರ್ಷ ಕಳೆದ ಮೇಲೆ ಮೊದಲನೆಯವನು "ಕಷ್ಟಪಟ್ಟು ಬಂದೆ" ಅಂತಾನೆ. ಸುಳ್ಳಲ್ಲ. ಆದರೆ ಎರಡನೆಯವನೂ ಅಷ್ಟೇ ಕಷ್ಟಪಟ್ಟಿದ್ದ ಅನ್ನೋದು ಆ ಮಾತಲ್ಲಿ ಕಾಣೆಯಾಗಿರುತ್ತೆ. ಅಪ್ರೈಸಲ್ ಟೈಮಲ್ಲಿ ಬೆಲ್ ಕರ್ವ್ ನೋಡಿ ಒಬ್ಬರನ್ನ "ಆವರೇಜ್" ಅನ್ನುವಾಗಲೂ ಇದೇ ನಡೆಯೋದು. ಅಲ್ಲಿದ್ದದ್ದು ಸೀಟಿನ ಕೊರತೆ, ನಾವು ಹೇಳೋದು ಮನುಷ್ಯನ ಕೊರತೆ ಅಂತ.

ಕೊನೆಯ ಪಂದ್ಯ ಇಂಡಿಯಾನಾದ ಫ್ರೆಂಚ್ ಲಿಕ್‌ನಲ್ಲಿ. ಅಲ್ಲಿಂದ 21ನೆಯವನು ಮನೆಗೆ ಬಂದಾಗ ಹೆಂಡತಿ ಕೇಳ್ತಾಳೆ, "ಇನ್ನೊಂದು ವರ್ಷ ನೋಡ್ತೀರಾ, ಸಾಕಾ?" ಅದಕ್ಕೆ ಅವನು ಬ್ಯಾಂಕಿನಲ್ಲಿ ಎಷ್ಟಿದೆ ಅಂತ ನೋಡಬೇಕು, ಬೆನ್ನು ಎಷ್ಟು ನೋಯ್ತಿದೆ ಅಂತ ನೋಡಬೇಕು, ಬೆಳಗ್ಗೆ ಎದ್ದಾಗ ಈಗಲೂ ಆಡಬೇಕು ಅನ್ಸುತ್ತಾ ಅಂತ ನೋಡಬೇಕು. ಇಪ್ಪತ್ತೊಂದು ಅನ್ನೋ ಅಂಕಿಯಲ್ಲಿ ಇದ್ಯಾವುದೂ ಬರೆದಿಲ್ಲ. ಬಹಾಮಾಸ್‌ಗೆ ಇನ್ನು ಮೂರು ತಿಂಗಳಿದೆ.