ಕೈಯ ಅರಿವು

ಒಂದು ಸಂಗತಿ ನಿಜವೆಂದು ತಿಳಿದಿರುವುದು ಬೇರೆ, ಒಂದು ಕೆಲಸವನ್ನು ಮಾಡಲು ತಿಳಿದಿರುವುದು ಬೇರೆ. ಈ ಭೇದವನ್ನು ಆಧುನಿಕ ತತ್ತ್ವಶಾಸ್ತ್ರದ ಚರ್ಚೆಗೆ ತಂದವರು ಆಕ್ಸ್‌ಫರ್ಡಿನ ಗಿಲ್ಬರ್ಟ್ ರೈಲ್. ಜಾಣ್ಮೆಯ ಕೆಲಸವೆಂದರೆ ಮನಸ್ಸು ಮೊದಲು ನಿಯಮವನ್ನು ಓದಿಕೊಳ್ಳುವುದು, ಆಮೇಲೆ ಕೈ ಅದನ್ನು ನಡೆಸುವುದು ಎಂಬ ನಂಬಿಕೆಯನ್ನು ಅವರು 1949ರ ‘ದಿ ಕಾನ್ಸೆಪ್ಟ್ ಆಫ್ ಮೈಂಡ್’ ಗ್ರಂಥದಲ್ಲಿ ಅಲ್ಲಗಳೆದರು.

ಈ ವಾದವನ್ನು ಒರೆಗೆ ಹಚ್ಚಲು ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ಸರ್ವಿಸ್ ಮಾಡಿಕೊಳ್ಳುವವರ ಕೆಲಸ ಚೆನ್ನಾಗಿ ಒದಗುತ್ತದೆ. ಗ್ಯಾರೇಜಿನಲ್ಲಿ ಹುಡುಗರು ಮೇಸ್ತ್ರಿಯ ಕೈ ನೋಡಿ ಕಲಿಯುತ್ತಾರೆ. ಮನೆಯವರಿಗೆ ಹೆಚ್ಚಾಗಿ ಪುಸ್ತಕವೇ ಗುರು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಎಂಜಿಬಿ ಇಂಥವರ ಅಚ್ಚುಮೆಚ್ಚಿನ ಕಾರು. ಅದರ 1798 ಸಿಸಿ ಎಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣವಿಲ್ಲ. ಹದ ತಪ್ಪಿದರೆ ಸ್ಪ್ಯಾನರ್ ಹಿಡಿದೇ ಸರಿಪಡಿಸಬೇಕು.

ವಾಲ್ವ್ ಹೊಂದಿಸುವ ಕೆಲಸವನ್ನೇ ನೋಡಬಹುದು. ಮುಚ್ಚಿರುವ ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವೆ 0.015 ಇಂಚು, ಅಂದರೆ ಸುಮಾರು 0.38 ಮಿ.ಮೀ. ಸಂದು ಇರಬೇಕು. ಎಂಟು ವಾಲ್ವುಗಳಿಗೆ ‘ಒಂಬತ್ತರ ನಿಯಮ’ವೊಂದಿದೆ: ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದನ್ನು, ಮೂರನೆಯದು ತೆರೆದಾಗ ಆರನೆಯದನ್ನು ಹೊಂದಿಸಬೇಕು, ಎರಡರ ಮೊತ್ತ ಸದಾ ಒಂಬತ್ತು. ಇದು ಸಂಗತಿಯ ಜ್ಞಾನ. ಬಾಯಿಪಾಠ ಮಾಡಬಹುದು, ಕಾರನ್ನೇ ಕಾಣದವರಿಗೂ ಫೋನಿನಲ್ಲಿ ಹೇಳಿಕೊಡಬಹುದು.

ಮುಂದಿನ ಹೆಜ್ಜೆ ಹಾಗಲ್ಲ. ಸಂದು ಅಳೆಯಲು ಅದರೊಳಗೆ ತೂರಿಸಿದ ಫೀಲರ್ ಗೇಜಿನ ತೆಳು ಎಲೆ ತುಸು ಹಿಡಿದಂತೆ ಜಾರಬೇಕು. ತುಸು ಎಂದರೆ ಎಷ್ಟು? ಅದೂ ಸಾಲದೆಂಬಂತೆ, ಲಾಕ್‌ನಟ್ ಬಿಗಿಯುವಾಗ ಸಂದು ಹೊಂದಿಸುವ ತಿರುಪು ಕೂದಲೆಳೆಯಷ್ಟು ಸರಿದು, ಹೊಂದಿಸಿದ ಸಂದು ಕೆಡುತ್ತದೆ. ಪಳಗಿದ ಕೈ ಸ್ಕ್ರೂಡ್ರೈವರನ್ನು ಹಿಡಿಯುವಾಗಲೇ ಅಷ್ಟನ್ನು ಬಿಟ್ಟುಕೊಂಡಿರುತ್ತದೆ. ಎಷ್ಟು ಬಿಟ್ಟಿರಿ ಎಂದು ಕೇಳಿದರೆ ಆ ಕೈಯ ಒಡೆಯನಲ್ಲೂ ಉತ್ತರವಿಲ್ಲ.

ಹೀಗೆ ಉಳಿದದ್ದನ್ನೂ ನಿಯಮವಾಗಿ ಬರೆದುಬಿಟ್ಟರಾಯಿತಲ್ಲ ಎನ್ನಬಹುದು. ರೈಲ್ ಅವರ ಹೆಸರಾಂತ ಆಕ್ಷೇಪ ಏಳುವುದು ಇಲ್ಲೇ. ನಿಯಮವನ್ನು ಎಲ್ಲಿ, ಎಷ್ಟು ಅನ್ವಯಿಸಬೇಕೆಂಬುದಕ್ಕೂ ಜಾಣ್ಮೆ ಬೇಕು. ಆ ಜಾಣ್ಮೆಯೂ ನಿಯಮವೇ ಆದರೆ ಅದಕ್ಕೊಂದು ನಿಯಮ, ಅದಕ್ಕೂ ಮತ್ತೊಂದು. ಭಾರತೀಯ ತರ್ಕಶಾಸ್ತ್ರ ಅನವಸ್ಥಾ ದೋಷವೆಂದು ಗುರುತಿಸುವುದು ಇಂಥದ್ದನ್ನೇ. ಜಾಣ್ಮೆಯೆಲ್ಲ ನಿಯಮವೇ ಆಗಿದ್ದರೆ ಯಾರೂ ಒಂದು ನಟ್ಟನ್ನೂ ಸರಿಯಾಗಿ ತಿರುಗಿಸಲಾರರು.

ಹಂಗೆರಿಯಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮೈಕೆಲ್ ಪೊಲಾನಿ 1958ರ ‘ಪರ್ಸನಲ್ ನಾಲೆಜ್’ ಕೃತಿಯಲ್ಲಿ ಇಂಥ ಕೈಯ ಅರಿವಿನ ಒಳರಚನೆಯನ್ನು ಬಿಡಿಸಿ ತೋರಿಸಿದರು. ಉಪಕರಣ ಹಿಡಿದವರ ಗಮನ ಉಪಕರಣದ ಮೇಲಲ್ಲ, ಅದರಾಚೆಯ ವಸ್ತುವಿನ ಮೇಲೆ ನೆಟ್ಟಿರುತ್ತದೆ. ಅಂಗೈಗೆ ತಾಗುವ ಒತ್ತಡ ಹಿನ್ನೆಲೆಗೆ ಸರಿದು ಅದರ ಮೂಲಕವೇ ವಸ್ತು ಗೋಚರಿಸುತ್ತದೆ. ಹೊಸಬರಿಗೆ ಬೆರಳಿಗೆ ತಾಗುವ ಎಲೆಯಷ್ಟೇ ಗೊತ್ತಾಗುತ್ತದೆ, ಪಳಗಿದವರಿಗೆ ಸಂದು. ಎರಡು ಎಸ್‌ಯು ಕಾರ್ಬ್ಯುರೇಟರುಗಳು ಸಮನಾಗಿ ಗಾಳಿ ಎಳೆಯುವಂತೆ ಮಾಡುವಾಗಲೂ ಇದೇ ಕ್ರಮ. ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು ಎರಡರ ಸುಯ್ಲನ್ನು ಹೋಲಿಸುತ್ತಾರೆ. ಕಿವಿ ಪಳಗಿದ ಮೇಲೆ ಕೇಳುವುದು ಬರಿಯ ಸದ್ದಲ್ಲ, ಯಾವ ಕಡೆ ಗಾಳಿ ಹೆಚ್ಚೆಂಬುದು.

ರೈಲ್ ಮಾಡಿದ ಭೇದವನ್ನು ಎಲ್ಲರೂ ಒಪ್ಪಿಲ್ಲ. ಮಾಡುವ ಜ್ಞಾನವೂ ಸಂಗತಿಯ ಜ್ಞಾನದ್ದೇ ಒಂದು ಬಗೆ ಎಂದು ತತ್ತ್ವಜ್ಞಾನಿಗಳಾದ ಜೇಸನ್ ಸ್ಟಾನ್ಲಿ ಮತ್ತು ತಿಮೊತಿ ವಿಲಿಯಮ್‌ಸನ್ 2001ರಲ್ಲಿ ವಾದಿಸಿದರು. ‘ಈ ಬಗೆಯಲ್ಲಿ ಮಾಡಿದರೆ ಆಗುತ್ತದೆ’ ಎಂಬುದೂ ಒಂದು ಸತ್ಯವೇ. ಅದನ್ನು ಮಾತಿನಲ್ಲಿ ಬಿಡಿಸದೆ ತೋರಿಸಬಹುದು, ಅಷ್ಟೇ. ವಾದ ಬಿಗಿಯಾಗಿದೆ. ಆದರೆ ಆ ಸತ್ಯವನ್ನು ‘ಪ್ರಾಯೋಗಿಕ ರೀತಿಯಲ್ಲಿ’ ಗ್ರಹಿಸಿರಬೇಕೆಂಬ ಷರತ್ತನ್ನೂ ಅವರು ಸೇರಿಸಬೇಕಾಯಿತು. ರೈಲ್ ಬೇರೆಯಾಗಿಸಿದ್ದೇ ಆ ಷರತ್ತಿನ ಬಾಗಿಲಿನಿಂದ ಮರಳಿ ಬಂದಂತೆ ತೋರುತ್ತದೆ.

ಮಾಡುವ ಜ್ಞಾನವನ್ನು ಪವಾಡವೆಂದು ಎಣಿಸಬೇಕಿಲ್ಲ, ಅದಕ್ಕೂ ಪರೀಕ್ಷೆಯಿದೆ. ಎಸ್‌ಯು ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಸುಮಾರು 0.8 ಮಿ.ಮೀ. ಎತ್ತಿದಾಗ ಎಂಜಿನ್ನಿನ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು, ಎಂಜಿನ್ ಕುಸಿದರೆ ಕಡಿಮೆ, ಕ್ಷಣಮಾತ್ರ ತುಸು ಏರಿ ಇಳಿದರೆ ಸರಿ. ಅತ್ತ ಅಂಕಿಯೂ ಕೆಲವೊಮ್ಮೆ ಮೋಸ ಮಾಡುತ್ತದೆ. ಸವೆದ ರಾಕರ್‌ನ ಮುಖದಲ್ಲಿ ಗುಳಿ ಬಿದ್ದಿದ್ದರೆ ಗೇಜಿನ ಚಪ್ಪಟೆ ಎಲೆ ಗುಳಿಯ ಅಂಚುಗಳ ಮೇಲೆಯೇ ಕೂರುತ್ತದೆ. ಅಳತೆ 0.015 ಇಂಚೇ ಬಂದರೂ ನಿಜವಾದ ಸಂದು ಅದಕ್ಕಿಂತ ದೊಡ್ಡದು. ಎಂಜಿನ್ ಓಡಿಸಿದಾಗ ಟಕಟಕ ಸದ್ದು ಬರುತ್ತಲೇ ಇರುತ್ತದೆ.